ಮಣಿಕಟ್ಟು ಮುರಿದದ್ದಕ್ಕೂ ಸಕ್ಕರೆ, ಥೈರಾಯ್ಡ್, ಹೊಟ್ಟೆ ಬೊಜ್ಜಿಗೂ ಸಂಬಂಧ ಉಂಟಾ?

ಸಂತೆಕಟ್ಟೆ_ಮಗಳು
ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 57 ವರ್ಷ. ಮಳೆಗೆ ಅಂಗಳದಲ್ಲಿ ಪಾಚಿ ಕಟ್ಟಿತ್ತು, ಜಾರಿ ಕೈ ಊರಿದರು. ನಿಂತಲ್ಲಿಂದಲೇ ಬಿದ್ದದ್ದು, ಆದರೂ ಬಲಗೈ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಹಾಕಿದ್ದಾರೆ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದೆವು. ಬೆನ್ನುಮೂಳೆಯ ಟಿ ಸ್ಕೋರ್ (ಪ್ರಾಯದವರ ಮೂಳೆಗೆ ಹೋಲಿಸುವ ಅಂಕಿ) ಮೈನಸ್ 1.6, ಸೊಂಟದ್ದು ಮೈನಸ್ 2.7. ವಿಟಮಿನ್ ಡಿ 14.

ಅಮ್ಮನಿಗೆ ಸಕ್ಕರೆ ಕಾಯಿಲೆ ಉಂಟು, ಥೈರಾಯ್ಡ್ ಮಾತ್ರೆಯೂ ಉಂಟು. ಮುಟ್ಟು ನಿಂತದ್ದು 45ರಲ್ಲಿ. ಆಮೇಲೆ ಹೊಟ್ಟೆಯ ಸುತ್ತ ಬೊಜ್ಜು ಬಂತು, ಕೈಕಾಲು ಮಾತ್ರ ಸಪೂರ. ಬೀಡಿ ಕಟ್ಟುತ್ತಾರೆ. ಬೆಳಿಗ್ಗೆ ಕೆಲಸ ಮುಗಿಸಿ ಚಾವಡಿಯಲ್ಲಿ ತಡ್ಪೆ (ಮೊರ) ಮಡಿಲಲ್ಲಿ ಇಟ್ಟು ಕೂತರೆ ಸಂಜೆಯವರೆಗೆ ಅಲ್ಲೇ.

ಮೂಳೆ ಡಾಕ್ಟರ್ ಮೂಳೆ ನೋಡಿದರು. ಸಕ್ಕರೆಯವರು ಸಕ್ಕರೆ ನೋಡಿದರು. ಥೈರಾಯ್ಡ್ ಮಾತ್ರೆ ಹಳೇ ಚೀಟಿಯಲ್ಲೇ ನಡೆಯುತ್ತಿದೆ. ಸಂಬಂಧಿಕರೆಲ್ಲ ವಯಸ್ಸಾಯ್ತಲ್ಲ, ಸಹಜ ಅನ್ನುತ್ತಾರೆ. ನನಗೆ ಹಾಗೆ ಅನಿಸುತ್ತಿಲ್ಲ. ಇವೆಲ್ಲ ಒಂದಕ್ಕೊಂದು ಸಂಬಂಧ ಇರುವ ವಿಷಯವಾ? ತಿಳಿದವರು ಹೇಳಿ.

ಕದ್ರಿ_ನಿವೃತ್ತ
ಸೋಮವಾರ, ರಾತ್ರಿ 10:05

ಹೆದರಬೇಡಿ. ರಕ್ತದಲ್ಲಿ ಕ್ಯಾಲ್ಸಿಯಂ ಎಷ್ಟು ಬಂತು? ಅದು ನಾರ್ಮಲ್ ಇದ್ದರೆ ಮೂಳೆಗೆ ದೊಡ್ಡ ಕೊರತೆ ಏನಿಲ್ಲ. ಎರಡು ಹೊತ್ತು ಹಾಲು, ಒಂದು ಕ್ಯಾಲ್ಸಿಯಂ ಮಾತ್ರೆ ಸಾಕು. ಹಾರ್ಮೋನ್ ಅಂತ ಹೊರಟರೆ ಟೆಸ್ಟ್ ಮೇಲೆ ಟೆಸ್ಟ್ ಬರೆದುಕೊಡುತ್ತಾರೆ, ಮನೆ ಖರ್ಚು ತಡೆಯುವುದಿಲ್ಲ.

ಸಂತೆಕಟ್ಟೆ_ಮಗಳು
ಸೋಮವಾರ, ರಾತ್ರಿ 10:11

ಕ್ಯಾಲ್ಸಿಯಂ 9.2 ಬಂದಿದೆ ಸರ್. ನಾರ್ಮಲ್ ಅಂತಲೇ ಬರೆದಿದ್ದಾರೆ. ಅದಕ್ಕೇ ಗೊಂದಲ.

ಓಪಿಡಿ_ಡ್ಯೂಟಿ
ಮಂಗಳವಾರ, ಬೆಳಿಗ್ಗೆ 6:20

ನಾನು ಮಂಗಳೂರಿನಲ್ಲಿ ಎಂಡೋಕ್ರೈನ್ (ಹಾರ್ಮೋನ್) ವಿಭಾಗದಲ್ಲಿ ಕೆಲಸ ಮಾಡುವ ಡಾಕ್ಟರ್. ಇಲ್ಲಿ ಬರೆಯುವುದು ವಿಷಯ ಅರ್ಥವಾಗಲಿ ಅಂತ. ಮಾತ್ರೆ ಬದಲಿಸುವುದೆಲ್ಲ ಅಮ್ಮನನ್ನು ನೋಡುವ ಡಾಕ್ಟರ್ ಹತ್ತಿರವೇ ಆಗಬೇಕು.

ಸಂಬಂಧ ಖಂಡಿತ ಉಂಟು. ನೀವು ಬರೆದ ನಾಲ್ಕು ವಿಷಯವೂ ಒಂದೇ ಕಥೆಯ ಭಾಗ.

ಮೊದಲು ಕದ್ರಿಯವರ ಮಾತಿಗೆ. ರಕ್ತದ ಕ್ಯಾಲ್ಸಿಯಂ ನಾರ್ಮಲ್ ಇದ್ದರೆ ಮೂಳೆ ಗಟ್ಟಿ ಅಂತ ಅಲ್ಲ ಸರ್. ದೇಹದ ಕ್ಯಾಲ್ಸಿಯಂನಲ್ಲಿ 99 ಶೇಕಡಾ ಇರುವುದು ಮೂಳೆ, ಹಲ್ಲಿನಲ್ಲಿ. ರಕ್ತದಲ್ಲಿರುವುದು ಚೂರು. ಆದರೆ ಆ ಚೂರು ಏರುಪೇರಾದರೆ ಹೃದಯ, ನರ, ಸ್ನಾಯು ಕೆಲಸ ಕೆಡಿಸುತ್ತವೆ. ಅದಕ್ಕೆ ಕುತ್ತಿಗೆಯಲ್ಲಿ, ಥೈರಾಯ್ಡ್‌ನ ಹಿಂದೆ, ನಾಲ್ಕು ಸಣ್ಣ ಪ್ಯಾರಾಥೈರಾಯ್ಡ್ ಗ್ರಂಥಿಗಳು ಕಾವಲು ಕೂತಿವೆ. ಊಟದಲ್ಲಿ ಕ್ಯಾಲ್ಸಿಯಂ ಸಾಲದಿದ್ದರೆ, ವಿಟಮಿನ್ ಡಿ ಇಲ್ಲದೆ ಕರುಳು ಅದನ್ನು ಹೀರದಿದ್ದರೆ, ಇವು ಪಿಟಿಎಚ್ ಹಾರ್ಮೋನ್ ಜಾಸ್ತಿ ಬಿಟ್ಟು ಮೂಳೆಯಿಂದ ಕ್ಯಾಲ್ಸಿಯಂ ತೆಗೆದು ರಕ್ತಕ್ಕೆ ಹಾಕುತ್ತವೆ. ರಿಪೋರ್ಟ್‌ನಲ್ಲಿ 9.2 ಚಂದ ಕಾಣುತ್ತದೆ. ಅದನ್ನು ಕಾಪಾಡಿದ್ದು ಮೂಳೆಯ ಲೆಕ್ಕದಲ್ಲಿ.

ಈಗ ಮುಟ್ಟು ನಿಂತ ವಿಷಯ. ಮೂಳೆ ಸತ್ತ ಕಲ್ಲಲ್ಲ, ದಿನಾ ರಿಪೇರಿ ನಡೆಯುತ್ತಲೇ ಇರುತ್ತದೆ. ನಮ್ಮ ಹಂಚಿನ ಮನೆಯ ಮಾಡನ್ನು ಮಳೆಗೆ ಮುಂಚೆ ಸರಿಮಾಡುವ ಹಾಗೆ: ಒಬ್ಬ ಹಳೇ ಹಂಚು ತೆಗೆಯುತ್ತಾ ಹೋಗುತ್ತಾನೆ, ಹಿಂದೆಯೇ ಇನ್ನೊಬ್ಬ ಹೊಸತು ಇಡುತ್ತಾ ಬರುತ್ತಾನೆ. ತೆಗೆಯುವ ಕೋಶ ಆಸ್ಟಿಯೋಕ್ಲಾಸ್ಟ್, ಇಡುವ ಕೋಶ ಆಸ್ಟಿಯೋಬ್ಲಾಸ್ಟ್. ತೆಗೆಯುವವನ ಕೈ ಹಿಡಿದು ನಿಲ್ಲಿಸುವುದು ಹೆಣ್ಣು ಹಾರ್ಮೋನ್ ಈಸ್ಟ್ರೋಜನ್. ಮುಟ್ಟು ನಿಂತ ಮೇಲೆ ಆ ಹಿಡಿತ ತಪ್ಪುತ್ತದೆ. ಮೊದಲ ಐದಾರು ವರ್ಷದಲ್ಲಿ ಮೂಳೆ ಅತಿ ವೇಗವಾಗಿ ಸವೆಯುತ್ತದೆ, ಕೆಲವರಲ್ಲಿ 20 ಶೇಕಡಾದವರೆಗೂ. ಈ ಸಂಬಂಧವನ್ನು ಅಮೆರಿಕದ ಫುಲ್ಲರ್ ಆಲ್‌ಬ್ರೈಟ್ 1940ರ ದಶಕದ ಆರಂಭದಲ್ಲೇ ಗುರುತಿಸಿದ್ದರು. ನಮ್ಮ ದೇಶದಲ್ಲಿ ಮುಟ್ಟು ನಿಲ್ಲುವುದು ಸರಾಸರಿ 46-47ಕ್ಕೆ, ಪಶ್ಚಿಮದ ದೇಶಗಳಲ್ಲಿ ಸುಮಾರು 51ಕ್ಕೆ. ಅಂದರೆ ನಮ್ಮ ಅಮ್ಮಂದಿರಿಗೆ ಈ ಸವೆತ ನಾಲ್ಕೈದು ವರ್ಷ ಮೊದಲೇ ಶುರು.

ನಿಂತಲ್ಲಿಂದ ಬಿದ್ದು ಮಣಿಕಟ್ಟು ಮುರಿಯುವುದನ್ನು ಸಹಜ ಅಂತ ಬಿಡಬಾರದು. 50 ದಾಟಿದವರಲ್ಲಿ ಅದು ಎಚ್ಚರಿಕೆ. ಎಷ್ಟೋ ಮನೆಗಳಲ್ಲಿ ಮೊದಲು ಮಣಿಕಟ್ಟು, ಕೆಲವು ವರ್ಷದ ಮೇಲೆ ಬೆನ್ನು, ಕೊನೆಗೆ ಸೊಂಟ. ಸೊಂಟ ಮುರಿದ ಮೇಲೆ ಮೊದಲಿನ ಹಾಗೆ ಓಡಾಡುವವರು ಕಮ್ಮಿ. ಪ್ಲಾಸ್ಟರ್ ಬಿಚ್ಚಿದ ಮೇಲೆ ಫೈಲ್ ಮುಚ್ಚಬೇಡಿ.

ಒಂದು ಪ್ರಶ್ನೆ: ಅಮ್ಮನ ಟಿಎಸ್ಎಚ್ (ಥೈರಾಯ್ಡ್ ಹಾರ್ಮೋನ್ ಕಮ್ಮಿಯಾದರೆ ಏರುವ, ಜಾಸ್ತಿಯಾದರೆ ಇಳಿಯುವ ರಕ್ತದ ಅಂಕಿ) ಕೊನೆಗೆ ನೋಡಿದ್ದು ಯಾವಾಗ? ಥೈರಾಯ್ಡ್ ಮಾತ್ರೆ ಹೇಗೆ ತಗೊಳ್ತಾರೆ?

ಸಂತೆಕಟ್ಟೆ_ಮಗಳು
ಮಂಗಳವಾರ, ಬೆಳಿಗ್ಗೆ 8:02

ತುಂಬಾ ಧನ್ಯವಾದ ಡಾಕ್ಟ್ರೇ. ಟಿಎಸ್ಎಚ್ ನೋಡದೆ ಒಂದು ವರ್ಷದ ಮೇಲಾಯಿತು. ಅದಕ್ಕೂ ಮೊದಲು ಮಾತ್ರೆಯನ್ನು ಚಾ ಜೊತೆಗೇ ನುಂಗುತ್ತಿದ್ದರು, ಕಬ್ಬಿಣದ ಮಾತ್ರೆಯೂ ಒಟ್ಟಿಗೆ. ಟಿಎಸ್ಎಚ್ ಜಾಸ್ತಿ ಬಂತು, ಡೋಸ್ 100ರಿಂದ 125 ಮಾಡಿದರು. ಆಮೇಲೆ ಯಾರೋ ಹೇಳಿದರು ಅಂತ ಖಾಲಿ ಹೊಟ್ಟೆಗೆ ನೀರಲ್ಲಿ ತಗೊಳ್ತಾ ಇದ್ದಾರೆ.

ಇನ್ನೊಂದು ವಿಷಯ. ದಪ್ಪ ಇರುವವರಿಗೆ ಮೂಳೆ ಗಟ್ಟಿ ಅಂತ ಕೇಳಿದ್ದೆ. ಅಮ್ಮ ಸಪೂರ ಅಲ್ಲವಲ್ಲ?

ಓಪಿಡಿ_ಡ್ಯೂಟಿ
ಮಂಗಳವಾರ, ಮಧ್ಯಾಹ್ನ 2:15

ಟಿಎಸ್ಎಚ್ ಈ ವಾರವೇ ಮಾಡಿಸಿ. ಕಾರಣ ಹೇಳುತ್ತೇನೆ. ಚಾ, ಕಬ್ಬಿಣದ ಮಾತ್ರೆ ಜೊತೆ ತಗೊಂಡರೆ ಥೈರಾಯ್ಡ್ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ಹಾಗಾಗಿ ಡೋಸ್ ಏರಿಸಿರಬಹುದು. ಈಗ ಸರಿಯಾಗಿ ತಗೊಳ್ತಾ ಇದ್ದಾರೆ, ಡೋಸ್ ಮಾತ್ರ ಏರಿದ್ದೇ ಉಳಿದಿದೆ. ಥೈರಾಯ್ಡ್ ಹಾರ್ಮೋನ್ ಬೇಕಾದದ್ದಕ್ಕಿಂತ ಜಾಸ್ತಿಯಾದರೆ ಮೂಳೆಯ ಕೆಡವು-ಕಟ್ಟು ಎರಡೂ ವೇಗವಾಗುತ್ತದೆ, ಕಟ್ಟುವುದು ಹಿಂದೆ ಬೀಳುತ್ತದೆ. ಮುಟ್ಟು ನಿಂತವರಲ್ಲಿ ಇದು ಇನ್ನೂ ಜೋರು. ಎದೆಬಡಿತ ಏರುಪೇರಾಗುವ ಅಪಾಯವೂ ಉಂಟು.

ದಪ್ಪದ ವಿಷಯ ಅರ್ಧ ನಿಜ. ಮೈತೂಕ ಹೊರುವ ಮೂಳೆಗೆ ಸ್ವಲ್ಪ ಬಲ ಬರುತ್ತದೆ. ಕೊಬ್ಬಿನ ಕೋಶಗಳಲ್ಲಿ ಅರೋಮಟೇಸ್ ಅನ್ನುವ ಕಿಣ್ವ ಇದೆ, ಅದು ಮುಟ್ಟು ನಿಂತ ಮೇಲೂ ಚೂರು ಈಸ್ಟ್ರೋಜನ್ ತಯಾರಿಸುತ್ತದೆ. ಇಷ್ಟು ಲಾಭ. ಆದರೆ ಕೊಬ್ಬು ಸುಮ್ನೆ ಶೇಖರಣೆಯಾಗಿ ಕೂರುವ ವಸ್ತು ಅಲ್ಲ, ಅದೂ ಒಂದು ಗ್ರಂಥಿಯ ಹಾಗೆ ಕೆಲಸ ಮಾಡುತ್ತದೆ. 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ತಂಡ ಲೆಪ್ಟಿನ್ ಹಾರ್ಮೋನ್ ಕಂಡುಹಿಡಿದ ಮೇಲೆ ಈ ತಿಳಿವಳಿಕೆ ಗಟ್ಟಿಯಾಯಿತು. ತೊಡೆ, ಪೃಷ್ಠದ ಚರ್ಮದಡಿಯ ಕೊಬ್ಬು ಅಷ್ಟು ತೊಂದರೆ ಕೊಡುವುದಿಲ್ಲ. ಹೊಟ್ಟೆಯೊಳಗೆ, ಕರುಳು-ಲಿವರ್ ಸುತ್ತ ಕೂರುವ ಕೊಬ್ಬು ಬೇರೆ ಜಾತಿ. ಅದರಿಂದ ಕೊಬ್ಬಿನಾಮ್ಲ ಲಿವರ್‌ಗೆ ಸುರಿಯುತ್ತದೆ, ಉರಿಯೂತ ಹುಟ್ಟಿಸುವ ರಾಸಾಯನಿಕಗಳು ಹೊರಡುತ್ತವೆ, ಇನ್ಸುಲಿನ್ ಮಾತು ಕೋಶಗಳು ಕೇಳುವುದಿಲ್ಲ. ಸಕ್ಕರೆ ಏರುವುದು ಅಲ್ಲಿಂದ. ಅದೇ ಉರಿಯೂತ ಮೂಳೆ ಕೆಡವುವ ಕೋಶಗಳನ್ನೂ ಎಬ್ಬಿಸುತ್ತದೆ. ಈಸ್ಟ್ರೋಜನ್ ಇಳಿದಾಗ ಕೊಬ್ಬು ತೊಡೆಯಿಂದ ಹೊಟ್ಟೆಯ ಕಡೆ ಸರಿಯುತ್ತದೆ. ನಿಮ್ಮ ಅಮ್ಮನಿಗೆ 45ರ ನಂತರ ಆದದ್ದು ಇದೇ ಅಂತ ಕಾಣುತ್ತದೆ.

ನಮ್ಮವರಲ್ಲಿ ಇದು ಹೊರಗೆ ಕಾಣದೆಯೂ ಇರುತ್ತದೆ. ಪುಣೆಯ ಡಾ. ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮದೇ ಫೋಟೋ ಹಾಕಿದ್ದರು. ಇಬ್ಬರದೂ ಬಿಎಂಐ (ಎತ್ತರಕ್ಕೆ ತೂಕ ಹೋಲಿಸುವ ಅಂಕಿ) 22.3. ಮೈಯಲ್ಲಿ ಕೊಬ್ಬು ಯುಡ್ಕಿನ್‌ಗೆ 9.1 ಶೇಕಡಾ, ಯಾಜ್ಞಿಕ್‌ಗೆ 21.2 ಶೇಕಡಾ! ಅದಕ್ಕೇ ಭಾರತೀಯರಿಗೆ ಬಿಎಂಐ 23 ದಾಟಿದರೆ ತೂಕ ಜಾಸ್ತಿ ಅನ್ನುತ್ತೇವೆ. ಸೊಂಟದ ಸುತ್ತಳತೆ ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ಸೆಂ.ಮೀ. ಮಿತಿ. ತೂಕದ ಯಂತ್ರಕ್ಕಿಂತ ಟೈಲರ್ ಟೇಪ್ ಹೆಚ್ಚು ಸತ್ಯ ಹೇಳುತ್ತದೆ.

ಇನ್ನೊಂದು ಕೊಂಡಿ. ವಿಟಮಿನ್ ಡಿ ಕೊಬ್ಬಿನಲ್ಲಿ ಕರಗುವಂಥದ್ದು. ಮೈಯಲ್ಲಿ ಕೊಬ್ಬು ಜಾಸ್ತಿ ಇದ್ದರೆ ಅದು ಅಲ್ಲೇ ಹಂಚಿಹೋಗಿ ರಕ್ತದಲ್ಲಿ ಕಮ್ಮಿ ಕಾಣುತ್ತದೆ. 20ಕ್ಕಿಂತ ಕೆಳಗೆ ಕೊರತೆ, ಅಮ್ಮನದು 14. ಕೊರತೆ ಆದರೆ ಪಿಟಿಎಚ್ ಏರುತ್ತದೆ, ಮುಂದಿನದು ಬೆಳಿಗ್ಗೆ ಬರೆದದ್ದೇ.

ಟೈಪ್ 2 ಸಕ್ಕರೆಯದು ಇನ್ನೂ ಬೇರೆ. ಅವರ ಸ್ಕ್ಯಾನ್ ಎಷ್ಟೋ ಸಲ ಚೆನ್ನಾಗಿಯೇ ಬರುತ್ತದೆ, ಮೂಳೆ ಮಾತ್ರ ಬೇಗ ಮುರಿಯುತ್ತದೆ. ವರ್ಷಗಟ್ಟಲೆ ಸಕ್ಕರೆ ಏರಿದ್ದರೆ ಅದು ಮೂಳೆಯೊಳಗಿನ ಕೊಲಾಜನ್ ನಾರಿಗೆ ಅಂಟಿಕೊಂಡು ನಾರು ಪೆಡಸಾಗುತ್ತದೆ. ಸ್ಕ್ಯಾನ್ ಸಾಂದ್ರತೆ ಅಳೆಯುತ್ತದೆ, ಪೆಡಸುತನ ಅಳೆಯುವುದಿಲ್ಲ. ಹಾಗಾಗಿ ಸಕ್ಕರೆ ಇರುವವರ ಟಿ ಸ್ಕೋರ್ ನೋಡಿ ಸಮಾಧಾನ ಪಟ್ಟುಕೊಳ್ಳಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2023ರ ಇಂಡಿಯಾಬ್ ಸಮೀಕ್ಷೆಯ ಲೆಕ್ಕದಲ್ಲಿ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ. ಅವರಲ್ಲಿ ಎಷ್ಟು ಜನರಿಗೆ ಮೂಳೆಯ ಬಗ್ಗೆ ಯಾರಾದರೂ ಒಂದು ಮಾತು ಹೇಳಿರುತ್ತಾರೆ?

ಸ್ಕ್ಯಾನ್_ರೂಮ್
ಮಂಗಳವಾರ, ಸಂಜೆ 7:30

ನಾನು ಮಣಿಪಾಲದ ಕಡೆ ಡೆಕ್ಸಾ ಯಂತ್ರ ನಡೆಸುವವನು. ಸಂತೆಕಟ್ಟೆಯವರ ರಿಪೋರ್ಟ್‌ನಲ್ಲಿ ಬೆನ್ನು ಮೈನಸ್ 1.6, ಸೊಂಟ ಮೈನಸ್ 2.7 ಅಂತ ಇದೆಯಲ್ಲ, ಆ ವ್ಯತ್ಯಾಸದ ಬಗ್ಗೆ ಹೇಳಬೇಕು.

ಸ್ಕ್ಯಾನ್‌ಗೆ ಮಲಗಿಸಿ ಕಾಲನ್ನು ಒಂದು ಚೌಕ ದಿಂಬಿನ ಮೇಲೆ ಎತ್ತಿಡುತ್ತೇವೆ, ಸೊಂಟದ ಹಿಂದಿನ ಬಾಗು ಮೇಜಿಗೆ ಚಪ್ಪಟೆಯಾಗಲಿ ಅಂತ. ಯಂತ್ರದ ತೋಳು ಮೇಲಿಂದ ನಿಧಾನ ಸರಿಯುತ್ತದೆ. ಪರದೆಯಲ್ಲಿ ಕೆಳಬೆನ್ನಿನ ನಾಲ್ಕು ಕಶೇರು (ಬೆನ್ನುಮೂಳೆಯ ಮಣಿ) ಒಂದೊಂದಾಗಿ ಮೂಡುತ್ತವೆ. ಆಮೇಲೆ ಪಾದವನ್ನು ಒಳಕ್ಕೆ ತಿರುಗಿಸಿ ಪಟ್ಟಿ ಕಟ್ಟಿ ತೊಡೆಮೂಳೆಯ ಕುತ್ತಿಗೆ ತೆಗೆಯುತ್ತೇವೆ. ಪಾದ ಸರಿ ತಿರುಗದಿದ್ದರೆ ಅಂಕಿ ತಪ್ಪುತ್ತದೆ. ಎಲ್ಲ ಸೇರಿ 15-20 ನಿಮಿಷ. ನೋವಿಲ್ಲ, ವಿಕಿರಣ ಬಹಳ ಕಮ್ಮಿ.

50 ದಾಟಿದವರ ಬೆನ್ನಲ್ಲಿ ಸವೆತದಿಂದ ಮುಳ್ಳಿನ ಹಾಗೆ ಮೂಳೆ ಬೆಳೆದಿರುತ್ತದೆ. ಬೆನ್ನುಮೂಳೆಯ ಮುಂದಿರುವ ದೊಡ್ಡ ರಕ್ತನಾಳದಲ್ಲಿ ಕ್ಯಾಲ್ಸಿಯಂ ಕೂತಿರುತ್ತದೆ. ಕುಸಿದ ಕಶೇರು ಒತ್ತಿಕೊಂಡು ದಟ್ಟವಾಗಿ ಕಾಣುತ್ತದೆ. ಯಂತ್ರಕ್ಕೆ ಅದೆಲ್ಲ ಮೂಳೆಯೇ. ಬೆನ್ನಿನ ಅಂಕಿ ಸುಳ್ಳಾಗಿ ಚೆನ್ನಾಗಿ ಬರುತ್ತದೆ. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಯಾವ ಜಾಗದಲ್ಲಿ ಬಂದರೂ ಆಸ್ಟಿಯೋಪೊರೋಸಿಸ್ (ಮೂಳೆ ಸವೆದು ಟೊಳ್ಳಾಗುವ ಕಾಯಿಲೆ) ಅಂತಲೇ ಲೆಕ್ಕ, ಎರಡರ ಸರಾಸರಿ ಹಾಕಬಾರದು. ಅಮ್ಮನ ಎತ್ತರ ಅಳೆಯಿರಿ. ಪ್ರಾಯದಲ್ಲಿ ಇದ್ದದ್ದಕ್ಕಿಂತ 4 ಸೆಂ.ಮೀ. ಕಮ್ಮಿಯಾಗಿದ್ದರೆ ಬೆನ್ನುಮೂಳೆಯ ಎಕ್ಸ್‌ರೇ ಕೇಳಿ. ಬೆನ್ನುಮೂಳೆ ಕುಸಿದದ್ದು ಮೂರರಲ್ಲಿ ಇಬ್ಬರಿಗೆ ಗೊತ್ತೇ ಆಗಿರುವುದಿಲ್ಲ, ಬೆನ್ನುನೋವು ಅಂತ ಮುಲಾಮು ಹಚ್ಚಿ ಸುಮ್ಮನಿರುತ್ತಾರೆ.

ಮುಂದಿನ ಸಲ ಅದೇ ಯಂತ್ರದಲ್ಲೇ ಮಾಡಿಸಿ. ಬೇರೆ ಬೇರೆ ಯಂತ್ರದ ಅಂಕಿ ಹೋಲಿಸಲು ಬರುವುದಿಲ್ಲ.

ಮಲ್ಪೆ_ಬಂದರು
ಮಂಗಳವಾರ, ರಾತ್ರಿ 9:15

ಒಂದು ಪ್ರಶ್ನೆ ಮಾರ್ರೆ. ನಾವು ದಿನಾ ಬೂತಾಯಿ, ಬಂಗುಡೆ ತಿನ್ನುವವರು. ಬಿಸಿಲಂತೂ ಕೇಳುವುದೇ ಬೇಡ. ನಮಗೂ ಈ ವಿಟಮಿನ್ ಡಿ ಕೊರತೆ ಬರುತ್ತದಾ? ಹೆಂಡತಿಗೆ 18 ಬಂತು, ನಂಬಲಿಕ್ಕೇ ಆಗಲಿಲ್ಲ.

ಕಟಪಾಡಿ_ಟೀಚರ್
ಬುಧವಾರ, ಬೆಳಿಗ್ಗೆ 5:50

ಬರುತ್ತದೆ ತಮ್ಮಾ. ನಾನು ಜೀವಶಾಸ್ತ್ರ ಪಾಠ ಮಾಡಿದವಳು, ನನಗೂ ಆಸ್ಟಿಯೋಪೊರೋಸಿಸ್ ಉಂಟು, ಹಾಗಾಗಿ ಇದನ್ನು ಓದಿಕೊಂಡಿದ್ದೇನೆ.

ಚರ್ಮದಲ್ಲಿ ವಿಟಮಿನ್ ಡಿ ತಯಾರಾಗುವುದು ಯುವಿ-ಬಿ ಕಿರಣದಿಂದ. ಅದು ನೆಲಕ್ಕೆ ಚೆನ್ನಾಗಿ ತಲುಪುವುದು ಬೆಳಿಗ್ಗೆ 10-11ರಿಂದ ಮಧ್ಯಾಹ್ನ 2-3ರವರೆಗೆ. ಬೆಳ್ಳಂಬೆಳಿಗ್ಗೆ ಎಳೆಬಿಸಿಲು ಕಾಯಿಸಿದರೆ ಮನಸ್ಸಿಗೆ ಹಿತ, ವಿಟಮಿನ್ ಹೆಚ್ಚೇನೂ ಸಿಗದು. ಕಿಟಕಿ ಗಾಜಿನೊಳಗಿನ ಬಿಸಿಲಿನಿಂದಲೂ ಆಗದು, ಗಾಜು ಯುವಿ-ಬಿ ತಡೆಯುತ್ತದೆ. ನಮ್ಮ ಚರ್ಮ ಕಪ್ಪು, ಬಿಳಿಚರ್ಮದವರಿಗಿಂತ ಜಾಸ್ತಿ ಹೊತ್ತು ಬೇಕು. ಹೆಂಗಸರು ಬಿಸಿಲಿಗೆ ಹೋದರೂ ಸೀರೆ, ಕೊಡೆ, ತಲೆಗೆ ಬಟ್ಟೆ. ಜೂನ್‌ನಿಂದ ಆಟಿ, ಸೋಣ (ತುಳು ತಿಂಗಳುಗಳು) ಮುಗಿಯುವವರೆಗೆ ನಮ್ಮ ಕರಾವಳಿಯಲ್ಲಿ ಸೂರ್ಯನ ಮುಖ ಕಾಣುವುದೇ ಅಪರೂಪ. ಬೀಡಿ ಕಟ್ಟುವವರು ಚಾವಡಿಯ ನೆರಳಲ್ಲೇ ದಿನ ಕಳೆಯುತ್ತಾರೆ. ನಮ್ಮ ಊರಿನ ಎಷ್ಟೋ ಹೆಂಗಸರ ಮೂಳೆಯ ವಿಷಯ ಅಲ್ಲೇ ನಿರ್ಧಾರವಾಗುತ್ತದೆ ಅಂತ ನನಗೆ ಬಲವಾಗಿ ಅನಿಸುತ್ತದೆ. ಕೂತ ಕೆಲಸ, ಬಿಸಿಲಿಲ್ಲ, ಮೂಳೆಗೆ ಭಾರ ಬೀಳುವುದಿಲ್ಲ. ಈ ಬಗ್ಗೆ ಸಂಘ, ಪಂಚಾಯತ್‌ನವರು ಮಾತಾಡಬೇಕು.

ಬೂತಾಯಿಯಲ್ಲಿ ವಿಟಮಿನ್ ಡಿ ಉಂಟು, ಒಳ್ಳೆಯದೇ. ಆದರೆ ಊಟದಿಂದ ಮಾತ್ರ ಪೂರ್ತಿ ಸಿಗುವುದು ಕಷ್ಟ. ಕ್ಯಾಲ್ಸಿಯಂ ಬೇಕಾದರೆ ಸಣ್ಣ ಮೀನನ್ನು ಮುಳ್ಳಿನ ಸಮೇತ ತಿನ್ನಬೇಕು, ಕೊಲ್ಲತರು ಹುರಿದು ತಿನ್ನುವ ಹಾಗೆ. ಮುಳ್ಳು ಬಿಡಿಸಿ ತಿಂದರೆ ಪ್ರೋಟೀನ್ ಸಿಗುತ್ತದೆ, ಕ್ಯಾಲ್ಸಿಯಂ ಬೆಕ್ಕಿಗೆ ಹೋಗುತ್ತದೆ.

ಐಸಿಎಂಆರ್ 2020ರಲ್ಲಿ ಹೇಳಿದ ಪ್ರಕಾರ ದೊಡ್ಡವರಿಗೆ ದಿನಕ್ಕೆ 1000 ಮಿ.ಗ್ರಾಂ., ಮುಟ್ಟು ನಿಂತವರಿಗೆ 1200 ಮಿ.ಗ್ರಾಂ. ಕ್ಯಾಲ್ಸಿಯಂ ಬೇಕು. ಒಂದು ಲೋಟ ಹಾಲಿನಲ್ಲಿ ಸುಮಾರು 240. 100 ಗ್ರಾಂ ರಾಗಿಯಲ್ಲಿ 350ರ ಹತ್ತಿರ. ಎಳ್ಳು ಒಂದು ದೊಡ್ಡ ಚಮಚಕ್ಕೆ 100ರ ಮೇಲೆ. ಹುರುಳಿ, ನುಗ್ಗೆಸೊಪ್ಪು ಎರಡೂ ಒಳ್ಳೆಯದು, ಎರಡೂ ನಮ್ಮ ಹಿತ್ತಲು-ಅಡುಗೆಮನೆಯವೇ. ಬರೀ ಅನ್ನ, ತಿಳಿಸಾರು, ಉಪ್ಪಿನಕಾಯಿ ಊಟದಲ್ಲಿ ಇದರ ಕಾಲಂಶವೂ ಬರುವುದಿಲ್ಲ. ನಾನು ವಾರಕ್ಕೆ ಎರಡು ಸಲ ರಾಗಿ ಮಣ್ಣಿ ಮಾಡುತ್ತಿದ್ದೆ, ಸಕ್ಕರೆ ಬಂದ ಮೇಲೆ ಬೆಲ್ಲ ಬಿಟ್ಟು ರಾಗಿ ಅಂಬಲಿಗೆ ಮಜ್ಜಿಗೆ ಹಾಕಿ ಕುಡಿಯುತ್ತೇನೆ.

ಓಪಿಡಿ_ಡ್ಯೂಟಿ
ಬುಧವಾರ, ಬೆಳಿಗ್ಗೆ 7:10

ಟೀಚರ್ ಎಲ್ಲ ಸರಿಯಾಗಿ ಹೇಳಿದ್ದಾರೆ. ಒಂದು ಎಚ್ಚರಿಕೆ ಸೇರಿಸುತ್ತೇನೆ. 60,000 ಯೂನಿಟ್‌ನ ವಿಟಮಿನ್ ಡಿ ಪುಡಿ ಸಾಮಾನ್ಯವಾಗಿ ವಾರಕ್ಕೊಂದರಂತೆ ಕೆಲವು ವಾರ ಕೊಡುವಂಥದ್ದು. ದಿನಾ ಒಂದು ಅಂತ ತಪ್ಪಾಗಿ ತಿಳಿದು ತಿಂಗಳುಗಟ್ಟಲೆ ಕುಡಿದು, ರಕ್ತದ ಕ್ಯಾಲ್ಸಿಯಂ ಏರಿ, ವಾಂತಿ, ಗೊಂದಲ, ಕಿಡ್ನಿ ತೊಂದರೆ ಆಗಿ ಬರುವವರಿದ್ದಾರೆ. ಚೀಟಿಯಲ್ಲಿ ಎಷ್ಟು ವಾರ ಅಂತ ಇದೆಯೋ ಅಷ್ಟೇ. ಕಿಡ್ನಿ ಕಾಯಿಲೆ ಇರುವವರು ಇನ್ನೂ ಜಾಗ್ರತೆ. ವಿಟಮಿನ್ ಡಿ ಕೊನೆಯ ಹಂತದಲ್ಲಿ ಕೆಲಸಕ್ಕೆ ಬರುವ ರೂಪ ಪಡೆಯುವುದು ಕಿಡ್ನಿಯಲ್ಲೇ. ಅವರ ಲೆಕ್ಕವೇ ಬೇರೆ.

ಸುರತ್ಕಲ್_ಮನು
ಬುಧವಾರ, ಮಧ್ಯಾಹ್ನ 1:25

ಅಪ್ಪನ ವಿಷಯ ಬರೆಯಲೇಬೇಕು ಅನಿಸಿತು. 64 ವರ್ಷ. ಮಂಡಿನೋವಿಗೆ ಒಬ್ಬರು ಕೊಡುವ ಪುಡಿ ತಗೊಳ್ತಾ ಇದ್ದರು. ಹೆಸರಿಲ್ಲ, ಲೇಬಲ್ ಇಲ್ಲ, ಪೇಪರ್‌ನಲ್ಲಿ ಕಟ್ಟಿ ಕೊಡುತ್ತಾರೆ. ಎರಡೇ ದಿನದಲ್ಲಿ ನೋವು ಮಾಯ. ಹಸಿವೆ ಜೋರು. ಕೆಲವು ತಿಂಗಳಲ್ಲಿ ಮುಖ ದುಂಡಗಾಯಿತು, ಹೊಟ್ಟೆ ಬಂತು, ಕತ್ತಿನ ಹಿಂದೆ ಗಡ್ಡೆ ಹಾಗೆ ದಪ್ಪ. ತೊಡೆ ಮಾತ್ರ ಕರಗಿತು, ನೆಲದಿಂದ ಏಳಲು ಆಗುವುದಿಲ್ಲ. ಚರ್ಮ ಮುಟ್ಟಿದರೆ ನೀಲಿ. ಹೊಸದಾಗಿ ಸಕ್ಕರೆ, ಬಿಪಿ. ಮೊನ್ನೆ ಕೊಡಪಾನ ಎತ್ತುವಾಗ ಬೆನ್ನಲ್ಲಿ ಟಕ್ ಅಂತ ಸದ್ದಾಯಿತು, ಒಂದು ಕಶೇರು ಕುಸಿದಿದೆ. ಪುಡಿ ಇವತ್ತೇ ಎಸೆಯಲಾ?

ಓಪಿಡಿ_ಡ್ಯೂಟಿ
ಬುಧವಾರ, ಮಧ್ಯಾಹ್ನ 1:40

ಮನು, ಎಸೆಯಬೇಡಿ. ಒಂದೇ ಸಲ ನಿಲ್ಲಿಸಲೂಬೇಡಿ. ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಪುಡಿಯ ಪೊಟ್ಟಣ ಜೊತೆಗಿರಲಿ.

ನೀವು ಬರೆದ ಒಂದೊಂದು ಲಕ್ಷಣವೂ ಸ್ಟೀರಾಯ್ಡ್ ಕಡೆ ಬೆರಳು ತೋರಿಸುತ್ತದೆ. ಕಾರ್ಟಿಸೋಲ್ ನಮ್ಮ ಅಡ್ರಿನಲ್ ಗ್ರಂಥಿಯ ಹಾರ್ಮೋನ್. ಬದುಕಲು ಬೇಕೇ ಬೇಕು. ಅದೇ ಜಾತಿಯ ಔಷಧ ಹೊರಗಿನಿಂದ ಜಾಸ್ತಿ ಬಂದರೆ ಸ್ನಾಯು ಕರಗಿಸುತ್ತದೆ, ಕೊಬ್ಬನ್ನು ಮುಖ, ಕತ್ತು, ಹೊಟ್ಟೆಗೆ ಸರಿಸುತ್ತದೆ, ಸಕ್ಕರೆ ಏರಿಸುತ್ತದೆ, ಮೂಳೆ ಕಟ್ಟುವ ಕೋಶಗಳನ್ನು ಸಾಯಿಸುತ್ತದೆ. ಮೂಳೆ ಅತಿ ಬೇಗ ಕರಗುವುದು ಮೊದಲ ಮೂರರಿಂದ ಆರು ತಿಂಗಳಲ್ಲೇ. ಪುಡಿ ಬರುತ್ತಲೇ ಇದ್ದಾಗ ದೇಹದ ಸ್ವಂತ ಅಡ್ರಿನಲ್ ನಿದ್ದೆಗೆ ಹೋಗಿರುತ್ತದೆ. ಥಟ್ಟನೆ ನಿಲ್ಲಿಸಿದರೆ ಕಾರ್ಟಿಸೋಲ್ ಇಲ್ಲದೆ ಬಿಪಿ ಕುಸಿದು ಜೀವಕ್ಕೇ ಅಪಾಯ. ಲೆಕ್ಕವಿಟ್ಟು ನಿಧಾನ ಇಳಿಸಬೇಕು.

ಎಲ್ಲರೂ ಕೇಳಿ: ಆಸ್ತಮಾ, ಸಂಧಿವಾತ, ಚರ್ಮರೋಗಕ್ಕೆ ಡಾಕ್ಟರ್ ಬರೆದ ಸ್ಟೀರಾಯ್ಡ್ ಎಷ್ಟೋ ಜನರ ಜೀವ ಉಳಿಸಿದೆ. ಅದನ್ನು ಹೆದರಿ ಬಿಡಬೇಡಿ. ಇನ್‌ಹೇಲರ್‌ನಲ್ಲಿ ಮೈಗೆ ಸೇರುವುದು ಮಾತ್ರೆಗಿಂತ ತುಂಬಾ ಕಮ್ಮಿ. ಆದರೆ ಮೂರು ತಿಂಗಳಿಗಿಂತ ಹೆಚ್ಚು ಸ್ಟೀರಾಯ್ಡ್ ಮಾತ್ರೆ ತಗೊಳ್ಳುವವರು ಮೂಳೆಯ ರಕ್ಷಣೆ ಬಗ್ಗೆ ಮೊದಲ ದಿನವೇ ಕೇಳಬೇಕು. ಲೇಬಲ್ ಇಲ್ಲದ ಪುಡಿಯನ್ನು ಯಾರು ಕೊಟ್ಟರೂ ಬೇಡ.

ಸುರತ್ಕಲ್_ಮನು
ಬುಧವಾರ, ರಾತ್ರಿ 10:30

ಅಡ್ಮಿಟ್ ಮಾಡಿದ್ದಾರೆ. ಕಾರ್ಟಿಸೋಲ್ ತುಂಬಾ ಕಮ್ಮಿ ಬಂತು, ನೀವು ಹೇಳಿದ್ದೇ. ಈಗ ಮಾತ್ರೆಯಲ್ಲಿ ಕೊಟ್ಟು ಇಳಿಸುತ್ತಾರಂತೆ. ನಿಮ್ಮ ಉಪಕಾರ ಮರೆಯುವುದಿಲ್ಲ.

ಉಳ್ಳಾಲ_ಅಣ್ಣ
ಗುರುವಾರ, ಬೆಳಿಗ್ಗೆ 9:00

ಸ್ಟೀರಾಯ್ಡ್ ಬಿಟ್ಟರೆ ಗಂಡಸರಿಗೆ ಈ ಮೂಳೆ ತೊಂದರೆ ಇಲ್ಲ ಅಲ್ವಾ? ನಮಗೆ ಟೆಸ್ಟೋಸ್ಟಿರಾನ್ ಉಂಟಲ್ಲ.

ಓಪಿಡಿ_ಡ್ಯೂಟಿ
ಗುರುವಾರ, ಮಧ್ಯಾಹ್ನ 2:30

ಉಂಟು, ನಿಧಾನ ಬರುತ್ತದೆ ಅಷ್ಟೆ. ಗಂಡಸರ ಮೂಳೆಯನ್ನು ಕಾಯುವುದರಲ್ಲೂ ಈಸ್ಟ್ರೋಜನ್‌ಗೆ ದೊಡ್ಡ ಪಾಲು. ಟೆಸ್ಟೋಸ್ಟಿರಾನ್‌ನ ಒಂದಂಶ ಅರೋಮಟೇಸ್ ಮೂಲಕ ಈಸ್ಟ್ರೋಜನ್ ಆಗುತ್ತದೆ. 1994ರಲ್ಲಿ ವರದಿಯಾದ ಒಬ್ಬ 28 ವರ್ಷದ ಯುವಕನಿಗೆ ಟೆಸ್ಟೋಸ್ಟಿರಾನ್ ಸರಿಯಿತ್ತು. ಈಸ್ಟ್ರೋಜನ್ ಗ್ರಾಹಕ ಮಾತ್ರ ಹುಟ್ಟಿನಿಂದ ಕೆಲಸ ಮಾಡುತ್ತಿರಲಿಲ್ಲ. 204 ಸೆಂ.ಮೀ. ಎತ್ತರ, ಮೂಳೆಯ ಬೆಳವಣಿಗೆ ನಿಂತೇ ಇರಲಿಲ್ಲ, ಜೊತೆಗೆ ಆಸ್ಟಿಯೋಪೊರೋಸಿಸ್. ಗಂಡಸರ ಮೂಳೆಯ ಬಗ್ಗೆ ನಮ್ಮ ತಿಳಿವಳಿಕೆ ಬದಲಾದದ್ದು ಅಲ್ಲಿಂದ. ಸೊಂಟ ಮುರಿದ ಮೇಲೆ ಒಂದು ವರ್ಷದೊಳಗೆ ತೀರಿಕೊಳ್ಳುವ ಅಪಾಯ ಹೆಂಗಸರಿಗಿಂತ ಗಂಡಸರಿಗೇ ಹೆಚ್ಚು. ಬೀಡಿ-ಸಿಗರೇಟ್, ಹೆಂಡ ಇದ್ದರೆ ಇನ್ನೂ ಕಷ್ಟ.

ಮಣ್ಣಗುಡ್ಡ_29
ಗುರುವಾರ, ಸಂಜೆ 6:45

ನನಗೆ ಪಿಸಿಓಎಸ್ (ಅಂಡಾಶಯದ ಹಾರ್ಮೋನ್ ಏರುಪೇರು). ತೂಕ ಇಳಿಸುವ ವಾರಕ್ಕೊಂದು ಇಂಜೆಕ್ಷನ್ ಬಗ್ಗೆ ಆಫೀಸಿನಲ್ಲಿ ಎಲ್ಲರೂ ಮಾತಾಡುತ್ತಾರೆ. ಮೂಳೆಗೆ ತೊಂದರೆ ಆಗುತ್ತದಾ?

ಓಪಿಡಿ_ಡ್ಯೂಟಿ
ಗುರುವಾರ, ರಾತ್ರಿ 8:50

ಪಿಸಿಓಎಸ್‌ನಲ್ಲಿ ಇನ್ಸುಲಿನ್ ಜಾಸ್ತಿ, ಅದು ಅಂಡಾಶಯದಿಂದ ಪುರುಷ ಹಾರ್ಮೋನ್ ಜಾಸ್ತಿ ಮಾಡಿಸುತ್ತದೆ. ತೂಕ ಹೆಚ್ಚಿದ್ದವರು 5-10 ಶೇಕಡಾ ಇಳಿಸಿದರೂ ಎಷ್ಟೋ ಜನರಿಗೆ ಮುಟ್ಟು ಸರಿಹೋಗುತ್ತದೆ. ನೀವು ಕೇಳಿದ ಇಂಜೆಕ್ಷನ್‌ಗಳು, ಸೆಮಾಗ್ಲುಟೈಡ್, ಟಿರ್ಜೆಪಟೈಡ್, ಒಳ್ಳೆಯ ಔಷಧಗಳೇ, ಸರಿಯಾದವರಿಗೆ. ಆದರೆ ತೂಕ ಬೇಗ ಇಳಿದಾಗ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ, ಮೂಳೆಯೂ ಸ್ವಲ್ಪ. ಹಸಿವಿಲ್ಲ ಅಂತ ಎರಡು ಇಡ್ಲಿಯಲ್ಲಿ ದಿನ ಕಳೆದರೆ ಹಾಗೇ ಆಗುವುದು. ಪ್ರೋಟೀನ್ ಊಟ, ಭಾರ ಎತ್ತುವ ವ್ಯಾಯಾಮ ಎರಡೂ ಬೇಕು. ಗರ್ಭ ಧರಿಸುವ ಯೋಚನೆ ಇದ್ದರೆ ಮೊದಲೇ ಡಾಕ್ಟರ್‌ಗೆ ಹೇಳಿ, ಇಂಜೆಕ್ಷನ್ ಮುಂಚೆಯೇ ನಿಲ್ಲಿಸಬೇಕಾಗುತ್ತದೆ.

ಸಂತೆಕಟ್ಟೆ_ಮಗಳು
ಶುಕ್ರವಾರ, ಮಧ್ಯಾಹ್ನ 12:20

ಟಿಎಸ್ಎಚ್ ಬಂತು: 0.06, ತೀರಾ ಕಮ್ಮಿ! ಡಾಕ್ಟರ್ ನೋಡಿ ಡೋಸ್ ಇಳಿಸಿದರು. ಆರರಿಂದ ಎಂಟು ವಾರ ಬಿಟ್ಟು ಮತ್ತೆ ನೋಡಬೇಕಂತೆ. ಪಿಟಿಎಚ್ ಸ್ವಲ್ಪ ಜಾಸ್ತಿ ಇದೆ, ಕಿಡ್ನಿ ಸರಿ ಇದೆ. ವಿಟಮಿನ್ ಡಿ ಶುರುವಾಯಿತು. ಕ್ಯಾಲ್ಸಿಯಂ ಮಾತ್ರೆ ರಾತ್ರಿ ಊಟದ ಜೊತೆ, ಥೈರಾಯ್ಡ್ ಮಾತ್ರೆಯಿಂದ ನಾಲ್ಕು ಗಂಟೆಯಾದರೂ ದೂರ. ಮುಂದೆ ವರ್ಷಕ್ಕೊಂದು ಇಂಜೆಕ್ಷನ್ ಕೊಡುವ ಯೋಚನೆ ಉಂಟಂತೆ.

ಕದ್ರಿ_ನಿವೃತ್ತ
ಶುಕ್ರವಾರ, ಮಧ್ಯಾಹ್ನ 3:00

ಒಳ್ಳೆಯದಾಯಿತು. ಆದರೆ ಈ ಇಂಜೆಕ್ಷನ್ ಹಾರ್ಮೋನ್ ಇಂಜೆಕ್ಷನ್ನಾ? ಈಸ್ಟ್ರೋಜನ್ ಕೊಟ್ಟರೆ ಕ್ಯಾನ್ಸರ್ ಅಂತ ಕೇಳಿದ್ದೇನೆ, ಅದಕ್ಕೆ ಕೇಳಿದೆ.

ಓಪಿಡಿ_ಡ್ಯೂಟಿ
ಶುಕ್ರವಾರ, ರಾತ್ರಿ 9:20

ಕೇಳಬೇಕಾದ ಪ್ರಶ್ನೆಯೇ ಸರ್. ವರ್ಷಕ್ಕೊಂದು ಕೊಡುವುದು ಜೋಲೆಡ್ರೋನಿಕ್ ಆಸಿಡ್, ಅದು ಹಾರ್ಮೋನ್ ಅಲ್ಲ. ಮೂಳೆಗೆ ಅಂಟಿಕೊಂಡು ಕೆಡವುವ ಕೋಶಗಳನ್ನು ತಡೆಯುತ್ತದೆ. ಕೊಡುವ ಮೊದಲು ವಿಟಮಿನ್ ಡಿ ಸರಿಯಾಗಬೇಕು, ಕಿಡ್ನಿ ನೋಡಬೇಕು, ಹಲ್ಲು ಕೀಳಿಸುವುದಿದ್ದರೆ ಮುಗಿಸಿಕೊಳ್ಳಬೇಕು. ಮೊದಲ ಸಲ ಒಂದೆರಡು ದಿನ ಜ್ವರ, ಮೈಕೈ ನೋವು ಬರಬಹುದು. ಆರು ತಿಂಗಳಿಗೊಂದು ಕೊಡುವ ಡೆನೊಸುಮಾಬ್ ಬೇರೆ. ಅದನ್ನು ತಗೊಳ್ಳುವವರು ಮಧ್ಯದಲ್ಲಿ ಸುಮ್ನೆ ಬಿಟ್ಟರೆ ಬೆನ್ನುಮೂಳೆಗಳು ಸಾಲಾಗಿ ಕುಸಿಯುವ ಅಪಾಯ ಉಂಟು, ಬಿಡುವ ಮೊದಲು ಡಾಕ್ಟರ್ ಜೊತೆ ಮಾತಾಡಲೇಬೇಕು.

ಈಸ್ಟ್ರೋಜನ್ ಭಯ ಬಂದದ್ದು 2002ರ ಅಮೆರಿಕದ ಡಬ್ಲ್ಯುಎಚ್ಐ (ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್) ಅಧ್ಯಯನದಿಂದ. ಈಸ್ಟ್ರೋಜನ್ ಜೊತೆ ಪ್ರೊಜೆಸ್ಟಿನ್ ಅನ್ನುವ ಇನ್ನೊಂದು ಹಾರ್ಮೋನ್ ಕೊಟ್ಟವರಲ್ಲಿ ಸ್ತನ ಕ್ಯಾನ್ಸರ್, ಪಾರ್ಶ್ವವಾಯು ಸ್ವಲ್ಪ ಹೆಚ್ಚಾಯಿತು. ಸೊಂಟ ಮುರಿಯುವುದು ಕಮ್ಮಿಯೂ ಆಯಿತು. ಅದರಲ್ಲಿದ್ದ ಹೆಂಗಸರ ಸರಾಸರಿ ವಯಸ್ಸು 63. 60ರೊಳಗೆ, ಮುಟ್ಟು ನಿಂತು 10 ವರ್ಷದೊಳಗೆ ಶುರುಮಾಡಿದರೆ ಹೆಚ್ಚಿನವರಿಗೆ ಲಾಭವೇ ಮೇಲು ಅಂತ ಆಮೇಲಿನ ವಿಶ್ಲೇಷಣೆಗಳು ತೋರಿಸಿವೆ. 40ಕ್ಕೂ ಮೊದಲೇ ಮುಟ್ಟು ನಿಂತವರಿಗೆ, ಚಿಕ್ಕ ಪ್ರಾಯದಲ್ಲೇ ಗರ್ಭಕೋಶದ ಜೊತೆ ಅಂಡಾಶಯ ತೆಗೆದವರಿಗೆ ಹಾರ್ಮೋನ್ ಬೇಕಾ ಅಂತ ಕೇಳದೇ ಬಿಡುವುದು ಅನ್ಯಾಯ. ನಮ್ಮಲ್ಲಿ ಅಂಥವರು ಬಹಳ ಇದ್ದಾರೆ, ಯಾರೂ ಅವರಿಗೆ ಮೂಳೆಯ ಮಾತು ಎತ್ತಿರುವುದಿಲ್ಲ.

ಕಟಪಾಡಿ_ಟೀಚರ್
ಶನಿವಾರ, ಬೆಳಿಗ್ಗೆ 6:00

ವ್ಯಾಯಾಮದ ಬಗ್ಗೆ ಒಂದು ಅನುಮಾನ. ನಾನು ದಿನಾ ಯೋಗ ಮಾಡುತ್ತೇನೆ. ಪಶ್ಚಿಮೋತ್ತಾನಾಸನ ಮಾಡಬಾರದು ಅಂತ ಒಬ್ಬರು ಹೇಳಿದರು, ಹೌದಾ? ಈಜಿದರೆ ಮೂಳೆ ಗಟ್ಟಿಯಾಗುತ್ತದಾ?

ಫಿಸಿಯೋ_ಕಿನ್ನಿಮೂಲ್ಕಿ
ಶನಿವಾರ, ಬೆಳಿಗ್ಗೆ 8:35

ಹೌದು ಟೀಚರ್, ಬೆನ್ನನ್ನು ಮುಂದಕ್ಕೆ ಗುಂಡಗೆ ಬಗ್ಗಿಸುವ ಆಸನಗಳು ನಿಮಗೆ ಬೇಡ. ಕಶೇರಿನ ಮುಂಭಾಗಕ್ಕೆ ಒತ್ತಡ ಬೀಳುತ್ತದೆ, ಸವೆದ ಮೂಳೆ ಅಲ್ಲೇ ಕುಸಿಯುವುದು. ಹಲಾಸನ, ಸಿಟ್-ಅಪ್ ಸಹ ಬೇಡ. ನೆಲದಿಂದ ಏನಾದರೂ ಎತ್ತುವಾಗ ಸೊಂಟ, ಮಂಡಿ ಮಡಚಿ, ಬೆನ್ನು ನೇರ. ತಾಡಾಸನ, ವೀರಭದ್ರಾಸನ, ಗೋಡೆ ಹಿಡಿದು ವೃಕ್ಷಾಸನ ಒಳ್ಳೆಯದು.

ಈಜು ಹೃದಯಕ್ಕೆ, ಕೀಲಿಗೆ ಒಳ್ಳೆಯದು. ಮೂಳೆಗೆ ಬೇಕಾದದ್ದು ಭಾರ. ಮೂಳೆಯೊಳಗಿನ ಕೋಶಗಳು ಭಾರ ಬಿದ್ದಾಗ ಕಟ್ಟು ಅಂತ ಸಂದೇಶ ಕಳಿಸುತ್ತವೆ, ನೀರಿನಲ್ಲಿ ಭಾರವೇ ಬೀಳುವುದಿಲ್ಲ. ಅಜ್ಜರಕಾಡು ಪಾರ್ಕಿನಲ್ಲಿ ನಡೆಯುವುದು ಸರಿ, ಅದರ ಜೊತೆ ಅಡುಗೆಮನೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಿ, ಕುರ್ಚಿಯಿಂದ ಕೈ ಊರದೆ ಎದ್ದು ಕೂರಿ, ಗೋಡೆಗೆ ಕೈಕೊಟ್ಟು ತಳ್ಳಿ. ಮೊದಲು ಹತ್ತತ್ತು ಸಲ, ಆಮೇಲೆ ಕೈಯಲ್ಲಿ ಒಂದೊಂದು ಲೀಟರ್ ನೀರಿನ ಬಾಟಲಿ ಹಿಡಿದು. ಬೀಡಿ ಕಟ್ಟುವವರು ಗಂಟೆಗೊಮ್ಮೆ ಎದ್ದು ಇಷ್ಟು ಮಾಡಿದರೂ ಬಹಳ. ಅಂಗಳದ ಪಾಚಿಗೆ ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿಸಿ, ಬಚ್ಚಲಲ್ಲಿ ಹಿಡಿ ಹಾಕಿಸಿ, ರಾತ್ರಿ ಏಳುವವರ ದಾರಿಯಲ್ಲಿ ಒಂದು ಸಣ್ಣ ಬಲ್ಬ್ ಉರಿಯಲಿ. ಮನು, ನಿಮ್ಮ ಅಪ್ಪನಿಗೆ ಈ ವ್ಯಾಯಾಮ ಈಗಲೇ ಬೇಡ. ಕುಸಿದ ಕಶೇರಿನ ನೋವು ಇಳಿಯಲಿ, ವಾರ್ಡಿನ ಫಿಸಿಯೋ ಮಂಚದ ಮೇಲೆ ಮಾಡುವಂಥದ್ದು ತೋರಿಸುತ್ತಾರೆ, ಅಲ್ಲಿಂದ ಶುರುಮಾಡಿ.